ಮೊರದ ಜೋಳಕ್ಕೆ ಮಾರಿದ ಮೊಮ್ಮಗಳು

ನನ್ನ ಮೊಮ್ಮಗಳು ಸೀನಿದರೆ ಸಾಕು, ನಾನು ಫೋನು ಹಿಡಿದು ನಿಲ್ಲುತ್ತಿದ್ದೆ. ಸೀನಿಗೆ ಒಂದು ವಿಡಿಯೋ, ಆಕಳಿಕೆಗೆ ಒಂದು ವಿಡಿಯೋ. ತನ್ನ ಕಾಲಿನ ಹೆಬ್ಬೆರಳನ್ನು ತಾನೇ ಹಿಡಿದು, ಇದನ್ನು ಯಾರು ತಂದಿಟ್ಟರು ಎಂಬಂತೆ ನೋಡಿದಳಲ್ಲ, ಆ ದಿನ ಮನೆಯಲ್ಲಿ ಬೇರೆ ಕೆಲಸವೇ ಆಗಲಿಲ್ಲ. ಒಲೆಯ ಮೇಲಿನ ಬೇಳೆ ಸೀದು ತಳ ಹಿಡಿಯಿತು. ನಮ್ಮವರು ಅಂಗಡಿಯಿಂದ ಊಟಕ್ಕೆ ಬಂದವರು ಬರೀ ಮೊಸರು ರೊಟ್ಟಿ ತಿಂದು ಹೋದರು. ತಿನ್ನಲಿ. ಬೇಳೆ ದಿನಾ ಬೇಯುತ್ತದೆ, ಹೆಬ್ಬೆರಳು ಸಿಕ್ಕಿದ್ದು ಅವತ್ತೇ.

ನಾನು ಓದಿದವಳಲ್ಲ. ಜಹೀರಾಬಾದಿನ ಶಾಲೆಯಲ್ಲಿ ತೆಲುಗು ನಾಲ್ಕಕ್ಷರ ಕಲಿಯುವುದರೊಳಗೆ ಬಿಡಿಸಿದರು. ಕನ್ನಡವನ್ನು ಓಣಿಯ ಮಠದಲ್ಲಿ ಕೂಡಿಸಿ ಕೂಡಿಸಿ ಓದುವಷ್ಟು ಕಲಿತೆ. ಉರ್ದು ಬಜಾರಿನಲ್ಲಿ ಓಡಾಡಿದ್ದಕ್ಕೆ ತಾನಾಗಿ ಬಾಯಿಗೆ ಬಂತು. ಫೋನು ಕಲಿಸಿದವಳು ನನ್ನ ಮಗಳು. ಅವಳನ್ನು ತಾಂಡೂರಿಗೆ ಕೊಟ್ಟಿದ್ದೇವೆ. ಅಲ್ಲಿಯ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಅಳಿಯಂದಿರು ಅಲ್ಲಿಯ ಮಾರ್ಕೆಟ್ಟಿನಲ್ಲಿ ತೊಗರಿ ವ್ಯಾಪಾರ ಮಾಡುತ್ತಾರೆ. ವಿಡಿಯೋ ಹಾಕುವ ಆಪಿನಲ್ಲಿ ನನಗೊಂದು ಖಾತೆ ತೆರೆದುಕೊಟ್ಟದ್ದೂ ಮಗಳೇ. ಮೊದಲು ಅದರಲ್ಲಿ ಪುಂಡಿಪಲ್ಯ ಮಾಡುವುದು, ರೊಟ್ಟಿ ಬಡಿಯುವುದು ಇಂಥದ್ದೆಲ್ಲ ಹಾಕುತ್ತಿದ್ದೆ. ನೋಡುವವರು ಕೊಹೀರ್, ನಾರಾಯಣಖೇಡ, ಬೀದರ ಕಡೆಯ ಹೆಂಗಸರು. ಕೂಸು ಹುಟ್ಟಿದ ಮೇಲೆ ಪುಂಡಿಪಲ್ಯವನ್ನು ಯಾರು ಕೇಳುತ್ತಾರೆ!

ಈ ಕೂಸಿಗಿಂತ ಮೊದಲು ಮಗಳಿಗೆ ಎರಡು ಮಕ್ಕಳು ಹುಟ್ಟಿ ಹೋದವು. ಅದರ ಬಗ್ಗೆ ಇಷ್ಟು ಬರೆದರೆ ಸಾಕು. ಮೂರನೆಯದು ಇವಳು. ಹೆರಿಗೆಗೆಂದು ಮಗಳು ಜಹೀರಾಬಾದಿಗೆ ನಮ್ಮ ಮನೆಗೆ ಬಂದಿದ್ದಳು. ಇವಳೂ ದಿನ ತುಂಬುವ ಮೊದಲೇ ಅವಸರ ಮಾಡಿಕೊಂಡು ಬಂದಳು. ದವಾಖಾನೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಒಳಗೆ ತಾಯಿಗೆ ಮಾತ್ರ ಬಿಡುತ್ತಿದ್ದರು. ಮಗಳು ಗಾಜಿನ ಈಚೆಯಿಂದ ಫೋನಿನಲ್ಲಿ ಹಿಡಿದು ನನ್ನ ಖಾತೆಯಲ್ಲಿ, ನಾವು ಮನೆಯವರು ಮಾತ್ರ ನೋಡುವ ಹಾಗೆ, ಹಾಕುತ್ತಿದ್ದಳು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಆ ಪುಟ್ಟ ಎದೆ ಏರುವುದು, ಇಳಿಯುವುದು ನೋಡುತ್ತಿದ್ದೆ. ಮನೆಗೆ ಹೊರಟ ದಿನ ಸಂಭ್ರಮದಲ್ಲಿ ಮಗಳ ಫೋನು ದವಾಖಾನೆಯ ಮೆಟ್ಟಿಲಿನಿಂದ ಬಿದ್ದು ಹೋಳಾಯಿತು. ಹೋದರೆ ಹೋಗಲಿ ಎಂದು ನಕ್ಕೆವು. ಕೂಸು ಕೈಯಲ್ಲಿತ್ತಲ್ಲ. ಗಾಜಿನ ಪೆಟ್ಟಿಗೆಯ ದಿನಗಳು ಹೇಗೂ ನನ್ನ ಖಾತೆಯಲ್ಲಿದ್ದವು. ಬೇರೆಲ್ಲೂ ಇರಲಿಲ್ಲ.

ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ನಮ್ಮ ಕಡೆ ಮಾರುತ್ತಾರೆ. ಎಲ್ಲ ಮಕ್ಕಳೂ ಗಟ್ಟಿಮುಟ್ಟಾಗಿ ಬೆಳೆದ ಒಬ್ಬ ತಾಯಿಗೆ ಮಾರಬೇಕು. ನಮಗೆ ಅಂಥವಳು ಹುಡುಕದೆ ಸಿಕ್ಕಿದ್ದಳು. ನಾರಾಯಣಖೇಡದ ಹತ್ತಿರದ ಹಳ್ಳಿಯವಳು, ಕುರಿ ಸಾಕುವ ಮನೆಯವಳು. ಸುಗ್ಗಿ ಮುಗಿದ ಮೇಲೆ ಅವರ ಕುರಿಹಿಂಡು ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ನಿಲ್ಲುವುದು ಹಿಂದಿನಿಂದ ಬಂದದ್ದು. ಅವಳ ಮಕ್ಕಳನ್ನು ನೀವು ನೋಡಬೇಕು, ಒಬ್ಬೊಬ್ಬನೂ ಟಗರಿನಂತೆ ಇದ್ದಾನೆ. ಹಿಂಡು ದೂರ ಹೋಗಿತ್ತು. ಅದು ತಿರುಗಿ ಬರುವಷ್ಟರಲ್ಲಿ ಕೂಸಿಗೆ ಕುತ್ತಿಗೆ ನಿಂತಿತ್ತು.

ಮಗಳಿಗೆ ಇದರಲ್ಲಿ ನಂಬಿಕೆ ಇಲ್ಲ. "ನಿನ್ನ ಸಮಾಧಾನಕ್ಕ ಮಾಡ್ಕೋ ಅವ್ವಾ, ನನ್ನ ಕೇಳಬ್ಯಾಡ" ಎಂದಳು. ಆದರೂ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿನಲ್ಲಿ ಇಟ್ಟು, ಹಿಂದಿರುಗಿ ನೋಡದೆ ಬರಬೇಕಾದವಳು ಅವಳೇ. ಬಂದಳು. ಕುರಿಯವರ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂತೆಯಲ್ಲಿ ಮರಿ ಕೊಳ್ಳಲು ಬಂದವಳಂತೆ ಸುತ್ತ ತಿರುಗಿ ನೋಡಿದಳು.

"ಈ ಕೂಸು ಯಾರ್ದವ್ವಾ? ತಿಪ್ಪಿ ಮ್ಯಾಲ ಬಿದ್ದಾದಲ್ಲ!"

"ಯಾರ್ದೂ ಅಲ್ಲ. ಬೇಕಾದ್ರ ತಗೊಂಡ್ ಹೋಗು" ಎಂದೆ. ಹಾಗೇ ಹೇಳಬೇಕು.

"ಮೂಗು ಚಪ್ಪಟಿ ಅದ. ತೂಕನೂ ಇಲ್ಲ. ಒಂದ್ ಮೊರ ಜೋಳ ಕೊಡ್ತೀನಿ, ಮ್ಯಾಲ ಒಂದ್ ಕಾಳ್ ಕೇಳಬ್ಯಾಡ್ರಿ."

ನಮ್ಮ ಅಳಿಯಂದಿರಿಗೆ ವ್ಯಾಪಾರದ ಬಾಯಿ, ಸುಮ್ಮನಿರಲಾಗಲಿಲ್ಲ. "ಭಾವ ಭಾಳ ಕಡಿಮಿ ಆತ್ರಿ ಅತ್ತಿ. ತಾಂಡೂರ ಮಾರ್ಕೆಟ್ನಾಗ ಆಗಿದ್ರ ನಾ ಬಿಡ್ತಿದ್ದಿಲ್ಲ."

"ನೀವ್ ಹಿಂದ ಸರೀರಿ" ಎಂದಳು ಅವಳು. "ತಂದಿ ಆದವ್ರು ಸೌದಾದಾಗ ಬಾಯಿ ಹಾಕಬಾರ್ದು."

ಕೂಸನ್ನು ಎತ್ತಿಕೊಂಡಳು. ಮೊರಕ್ಕೆ ಜೋಳ ಸುರಿದಳು. ಮನೆಯನ್ನು ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, "ಇದು ನನ್ ಕೂಸು. ನಿನ್ನ ಹತ್ರ ಹಾಲ್ ಅದ, ಕುಡಿಸಿ ಸಾಕು ತಂಗಿ" ಎಂದು ನನ್ನ ಮಗಳ ಮಡಿಲಿಗೆ ಹಾಕಿದಳು. ಅಂದಿನಿಂದ ನಾವಿಬ್ಬರೂ ಬೀಗತಿಯರು. ಮುಂದೆ ಮದುವೆಯ ಹೊತ್ತಿಗೆ ಒಂದು ಸೀರೆ ಕೊಟ್ಟು ಹುಡುಗಿಯನ್ನು ವಾಪಸ್ ಕೊಳ್ಳಬೇಕು. ಅಲ್ಲಿಯವರೆಗೆ ಒಂದೇ ಕಟ್ಟು: ಮಾರಿದ್ದು ಸುಳ್ಳು, ಆಟಕ್ಕೆ ಮಾಡಿದ್ದು ಎಂದು ಮನೆಯವರು ಯಾರೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಮಾರಾಟ ಮುರಿಯಿತು.

ಆ ಖುಷಿಯನ್ನು ನಾನು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು ಹೇಗೆ? ಮೊರ, ತಿಪ್ಪೆ, ಜೋಳ ಎಲ್ಲ ಕಾಣುವ ಹಾಗೆ ವಿಡಿಯೋ ಹಾಕಿದೆ. ಕೂಸಿನ ಹಣೆಗೆ ವಿಭೂತಿ, ಕೆನ್ನೆಗೆ ಕಪ್ಪು ಬೊಟ್ಟು ಇಡುವುದನ್ನು ಮರೆಯಲಿಲ್ಲ. ನಾನೇ ಮುಂದೆ ನಿಂತು ಹೇಳಿದೆ: "ನೋಡ್ರೆವ್ವಾ, ಮೊಮ್ಮಗಳಿಗಿ ಮಾರೇ ಬಿಟ್ವಿ! ಒಂದ್ ಮೊರ ಜೋಳಕ್ಕ ಮಾರಿ ಕೈ ತೊಳ್ಕೊಂಡ್ವಿ!"

ವಿಡಿಯೋದ ಕೆಳಗೆ ಬರೆಯಲು ಹೆಂಗಸರೆಲ್ಲ ಸಂತೆ ಕೂಡಿದರು. ಒಬ್ಬಳು, ಮೊದಲೇ ಹೇಳಿದ್ದರೆ ತಾನು ಎರಡು ಚೀಲ ತೊಗರಿ ಕೊಡುತ್ತಿದ್ದೆ ಎಂದು ಬರೆದಳು. ಇನ್ನೊಬ್ಬಳು ತನ್ನ ಮನೆಯಲ್ಲಿ ಎರಡಿವೆ, ಭಾಳ ಗದ್ದಲ ಮಾಡುತ್ತವೆ, ಯಾರಾದರೂ ಒಯ್ಯಿರಿ ಎಂದಳು. ಮತ್ತೊಬ್ಬಳು ವಿಳಾಸ ಕೇಳಿದಳು. ನಾನು ಒಬ್ಬೊಬ್ಬರಿಗೂ ನಗುವ ಮುಖದ ಚಿತ್ರ ಒತ್ತಿ ಒತ್ತಿ ಮಲಗಿದೆ.

ಬೆಳಿಗ್ಗೆ ಖಾತೆ ತೆರೆಯಲಿಲ್ಲ. ಬಿಳಿ ಪರದೆ, ಅದರಲ್ಲಿ ಇಂಗ್ಲಿಷಿನ ಉದ್ದುದ್ದ ಸಾಲು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಮಗಳಿಗೆ ತೋರಿಸಿದೆ. ಅವಳು ಎಣ್ಣೆಗೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು.

"ಅವ್ವಾ, ನೀ ಮಕ್ಕಳ ಮಾರಾಕತ್ತೀ ಅಂತ ನಿನ್ನ ಖಾತೆ ಬಂದ್ ಮಾಡ್ಯಾರ."

ನನಗೆ ಮೊದಲು ನಗು ಬಂತು. "ಹೌದಲ್ಲ, ಮಾರೀವಿ" ಎಂದೆ.

"ನಗಬ್ಯಾಡ! ಇದು ಕಾಯಂ ಬಂದ್. ಒಂದೇ ಸಲ ಅಪೀಲು ಹಾಕಬಹುದಂತ. ಅವ್ರು ಒಪ್ಪಲಿಲ್ಲಂದ್ರ ಒಳಗಿದ್ದದ್ದೆಲ್ಲ ಅಳಿಸಿ ಹಾಕ್ತಾರ."

ಒಳಗಿದ್ದದ್ದೆಲ್ಲ ಎಂದಾಗ ನನ್ನ ನಗು ನಿಂತಿತು. ಸೀನು, ಆಕಳಿಕೆ, ಹೆಬ್ಬೆರಳು ಹೋಗಲಿ, ಇವಳು ಇನ್ನೂ ಎಷ್ಟೋ ಸಲ ಸೀನುತ್ತಾಳೆ. ಆ ಗಾಜಿನ ಪೆಟ್ಟಿಗೆ? ಇಬ್ಬರಿಗೂ ಅದೇ ನೆನಪಾಯಿತು. ಮಗಳು ಮನೆಗೆ ಬಂದ ಮೇಲೆ ಒಂದು ಸಲವೂ ಅವನ್ನು ತೆರೆದು ನೋಡಿರಲಿಲ್ಲ. ಆದರೂ ಅವು ಅಲ್ಲಿವೆ ಎಂಬ ಧೈರ್ಯ ಅವಳಿಗಿತ್ತು. ಅಳಿಯಂದಿರಿಗೆ ಫೋನು ಹಚ್ಚಿದಳು.

ಅವರು ಆ ಕಡೆಯಿಂದ, "ಅದ್ರಾಗೇನದ, ಬರದ್ ಹಾಕು. ಇದು ಖರೇ ಮಾರಾಟ ಅಲ್ಲ, ಸುಳ್ಳುಸುಳ್ಳೇ ಮಾಡಿದ್ದು ಅಂತ ಬರೀ. ಒಂದ್ ಮಾತಿನ ಕೆಲಸ" ಎಂದರು. ನಾನು ಫೋನಿನ ಹತ್ತಿರ ಹೋಗಿ, "ಅಳಿಯಂದ್ರೇ, ಆ ಒಂದ್ ಮಾತ್ ಬಿಟ್ಟು ಬ್ಯಾರೆ ಏನರ ಹೇಳ್ರಿ" ಎಂದೆ.

ಮಗಳಿಗೆ ಸಿಟ್ಟು ಬಂತು. "ಅವ್ವಾ, ಆ ಚಿತ್ರ ಹೋದ್ರ ಮತ್ತ ಬರಲ್ಲ. ಒಂದ್ ಸಾಲ್ ಬರೆಯೋದ್ರಿಂದ ಏನಾಗ್ತದ?"

"ಚಿತ್ರ ಹೋದ್ರ ಹೋಗಲಿ, ಕೂಸು ತೊಡಿ ಮ್ಯಾಲ ಅದಲ್ಲ."

"ಹಂಗಂದ್ರ ನನಗ ಬೇಕಿಲ್ಲೇನು ಅವು? ನೀ ಹೊರಗ ಬೆಂಚಿನ ಮ್ಯಾಲ ಇದ್ದಿ. ಒಳಗ ನಾ ಒಬ್ಬಾಕಿ ಇದ್ದೆ."

ಕಡೆಗೆ ನಾನೇ ಹೇಳಿದೆ, ಕೂಸಿನ ಮಾತು, ಕೊಂಡವಳನ್ನು ಒಂದು ಮಾತು ಕೇಳೋಣ. ಫೋನು ಮಾಡಿ, ಕೂಸಿನ ಸಲುವಾಗಿ ಸ್ವಲ್ಪ ಬಾ ಎಂದೆ. ನಾನು ಹೇಳಿದ ರೀತಿ ಸರಿಯಿರಲಿಲ್ಲವೇನೋ. ಅವಳು ಸಿಕ್ಕ ಬಸ್ಸು ಹತ್ತಿ ನಾರಾಯಣಖೇಡದಿಂದ ಬಂದು, ಚಪ್ಪಲಿ ಅಂಗಳದಲ್ಲೇ ಎಸೆದು ಓಡಿ ಒಳಗೆ ನುಗ್ಗಿದಳು.

"ಏನಾಗ್ಯಾದ ನನ್ ಕೂಸಿಗಿ?"

ಕೂಸು ಚಾಪೆಯ ಮೇಲೆ ಮಲಗಿ ತನ್ನ ಮುಷ್ಟಿಯನ್ನು ಪೂರಾ ಬಾಯಿಗೆ ತುರುಕುವ ಕೆಲಸದಲ್ಲಿತ್ತು. ಅವಳನ್ನು ನೋಡಿ ಜೊಲ್ಲು ಸುರಿಸಿ ನಕ್ಕಿತು. ಅವಳು ಅಲ್ಲೇ ದೊಪ್ಪನೆ ಕುಳಿತಳು.

"ಯಕ್ಕಾ, ನಿನ್ ಬಾಯಿಗಿ ಇಷ್ಟ್ ಬೆಂಕಿ ಹಾಕ. ಬಸ್ಸಿನಾಗ ನನ್ ಜೀವ ಹೋಗಿ ಬಂತು."

ನೀರು ಕೊಟ್ಟು, ಚಹಾ ಕೊಟ್ಟು, ನಡೆದದ್ದನ್ನು ಹೇಳಿದೆವು. ದೂರದಲ್ಲಿ ಯಾರೋ ಕುಳಿತು, ಇಲ್ಲವೇ ಒಂದು ಯಂತ್ರ, ನಮ್ಮನ್ನು ಮಕ್ಕಳ ವ್ಯಾಪಾರದವರು ಎಂದುಕೊಂಡಿದೆ ಎಂದಾಗ ಅವಳ ಕಣ್ಣು ಅಗಲವಾದವು.

"ಹಂಗಾದ್ರ ನಾ ಕಳ್ಳ ಮಾಲ್ ತಗೊಂಡಾಕಿ ಆದೆ? ಪೋಲಿಸ್ರು ಕುರಿ ಹಟ್ಟಿಗಿ ಬರ್ತಾರೇನು?"

"ಬಂದ್ರ ಜೋಳ ಜಪ್ತಿ ಮಾಡ್ತಾರ" ಎಂದೆ.

"ಎಲ್ಲದ ಜೋಳ?"

"ಅಳಿಯಂದ್ರು ರೊಟ್ಟಿ ತಿಂದ್ ಹೋಗ್ಯಾರ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಮಗಳು ನಗಲಿಲ್ಲ. ಫೋನು ಹಿಡಿದು ಗೋಡೆಗೆ ಒರಗಿ ಕುಳಿತು ಬರೆಯುತ್ತಿದ್ದಳು. ಬರೆದು ಮುಗಿಸಿ, ತಲೆ ಎತ್ತದೆ, ಅದರ ಅರ್ಥ ಕನ್ನಡದಲ್ಲಿ ಓದಿ ಹೇಳಿದಳು. ಇದು ನಿಜವಾದ ಮಾರಾಟ ಅಲ್ಲ, ಹಳೆಯ ಕಾಲದ ಒಂದು ನಾಟಕ, ಯಾರೂ ಯಾರನ್ನೂ ಕೊಂಡಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಕುರಿಯವಳು ನನ್ನ ಮೊಣಕೈ ಹಿಡಿದಳು. ಅವಳು ಜಗಳ ಮಾಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳ ಬಾಯಿ ಸಣ್ಣದಲ್ಲ. ಆದರೆ ಅವಳು ಕೂಸನ್ನು ತೊಡೆಗೆ ಎಳೆದುಕೊಂಡು ಕುಲಾವಿಯ ದಾರ ಬಿಚ್ಚಿ ಮತ್ತೆ ಕಟ್ಟಿದಳು.

"ನೀ ಕಲ್ತಾಕಿ, ತಂಗಿ. ಆ ಚಿತ್ರ ಬೇಕಂತ ಬರ್ಯಾಕತ್ತಿ. ನಾ ಏನ್ ಅನ್ನಲ್ಲ" ಎಂದಳು. "ಮಾಲ್ ನಿನ್ನ ಹತ್ರನೇ ಅದ."

ಮಗಳ ಹೆಬ್ಬೆರಳು ಪರದೆಯ ಮೇಲೆ ಇತ್ತು. ಒತ್ತಿದರೆ ಹೋಯಿತು. ಹೊರಗೆ ಹಾಲಿನವನು ಕೂಗಿ ಹೋದ. ಅವಳು ಒತ್ತಲಿಲ್ಲ. ನನ್ನನ್ನು ನೋಡಿ ಕೇಳಿದಳು, "ಅವ್ವಾ, ಇದ್ ಬರದ್ರ ಏನಾದ್ರೂ ಆಗ್ತದೇನು?"

ಲೆಕ್ಕ ಕಲಿಸುವ ಮಗಳು. ಗ್ರಹಣದಲ್ಲಿ ಬೇಕಂತಲೇ ಊಟ ಮಾಡಿ ತೋರಿಸಿದವಳು. ನಾನು ಏನು ಹೇಳಲಿ? ಆಗುತ್ತದೆ ಎಂದರೆ ಅವಳಿಗೆ ಹೆದರಿಕೆ, ಆಗುವುದಿಲ್ಲ ಎಂದರೆ ನನಗೆ. "ನನಗ ಗೊತ್ತಿಲ್ಲವ್ವ" ಎಂದೆ. ಅದೇ ಖರೆ.

"ನನಗೂ ಗೊತ್ತಿಲ್ಲ" ಎಂದು ಅವಳು ಅಳಿಸತೊಡಗಿದಳು. ಒಂದೇ ಸಲಕ್ಕೆ ಅಳಿಸಲು ಬರುತ್ತದಂತೆ, ಅವಳು ಒಂದೊಂದೇ ಅಕ್ಷರ ಒತ್ತಿ ಒತ್ತಿ ಅಳಿಸಿದಳು. ಅಳಿಸುವಾಗ ಅಳುತ್ತಿದ್ದಳು. ನಾವು ನೋಡಿಯೂ ನೋಡದ ಹಾಗೆ ಕೂಸಿನೊಡನೆ ಆಟಕ್ಕೆ ಬಿದ್ದೆವು.

ಆಮೇಲೆ ಬರೆದದ್ದನ್ನು ಅವಳು ನನಗೆ ಎಷ್ಟೋ ಸಲ ಓದಿ ಹೇಳಿದ್ದಾಳೆ, ನಾನೇ ಹೇಳಿಸಿಕೊಂಡಿದ್ದೇನೆ. "ನನಗೆ ಇದಕ್ಕೆ ಮೊದಲು ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಹಾಗಾದಾಗ ನಮ್ಮ ಕಡೆ ಮುಂದಿನ ಮಗುವನ್ನು, ಮಕ್ಕಳೆಲ್ಲ ಚೆನ್ನಾಗಿರುವ ಒಬ್ಬ ತಾಯಿಗೆ ಮಾರುತ್ತಾರೆ. ಸಾವು ಹುಡುಕಿಕೊಂಡು ಬಂದರೆ ಇದು ಯಾರ ಮಗು ಎಂದು ಅದಕ್ಕೆ ತಿಳಿಯಬಾರದು. ಕೊಂಡ ತಾಯಿ ಮಗುವನ್ನು ಹೆತ್ತವಳ ಮಡಿಲಲ್ಲೇ ಬಿಡುತ್ತಾಳೆ. ಈ ಮಗು ಮನೆಗೆ ಬಂದ ಮೇಲೆ ಒಂದು ದಿನವೂ ನನ್ನನ್ನು ಬಿಟ್ಟು ಮಲಗಿಲ್ಲ. ಬರೆಯುತ್ತಿರುವವಳು ಅದರ ತಾಯಿ. ಈ ಖಾತೆಯಲ್ಲಿ ಮಗು ಗಾಜಿನ ಪೆಟ್ಟಿಗೆಯಲ್ಲಿದ್ದ ದಿನಗಳಿವೆ. ದಯವಿಟ್ಟು ಅವನ್ನು ಅಳಿಸಬೇಡಿ."

ಮಾರಿಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಜೊತೆಗೆ ಒಂದು ಫೋಟೋ ಕಳಿಸಲು ಜಾಗವಿತ್ತು. ಹೆತ್ತವಳು ಒಂದು ಕಡೆ, ಕೊಂಡವಳು ಒಂದು ಕಡೆ, ನಡುವೆ ಕೂಸು. ಕುರಿಯವಳು ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ನನ್ನ ಕನ್ನಡಿಯನ್ನು ಅರ್ಧ ಗಂಟೆ ಬಿಡಲಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಕೂಸು ಅವಳ ಸೀರೆಯನ್ನು ತೋಯಿಸಿತು.

"ಮಾಲಕರಿಗಿ ಮೊದಲ್ನೇ ಆಮದಾನಿ" ಎಂದೆ.

"ಸುಮ್ಮ ತಗಿ ಯಕ್ಕಾ, ಒಣಗೋ ಮೊದ್ಲ!"

ಫೋಟೋದಲ್ಲಿ ಮಗಳೂ ನಗುತ್ತಿದ್ದಾಳೆ, ಕಣ್ಣು ಮಾತ್ರ ಕೆಂಪಗಿವೆ. ಹಾಗೇ ಕಳಿಸಿದೆವು.

ಉತ್ತರ ಬೇಗ ಬರಲಿಲ್ಲ. ಬಜಾರಿಗೆ ಹೋದರೆ, ಯಾಕೆ ನಿಮ್ಮ ಕೂಸು ಕಾಣುತ್ತಿಲ್ಲ ಎಂದು ಹೆಂಗಸರು ನಿಲ್ಲಿಸಿ ಕೇಳುತ್ತಿದ್ದರು. ಮಾರಿಬಿಟ್ಟೆವಲ್ಲ, ಇನ್ನೆಲ್ಲಿ ಕಾಣಬೇಕು ಎನ್ನುತ್ತಿದ್ದೆ. ಮಗಳು ಬೆಳಿಗ್ಗೆ ಎದ್ದು ಮೊದಲು ಫೋನು ನೋಡುತ್ತಿದ್ದಳು. ಆಮೇಲೆ ಮುಖ ತೊಳೆಯಲು ಹೋಗುತ್ತಿದ್ದಳು. ಮುಖ ತೊಳೆದು ಬಂದು ಮತ್ತೆ ನೋಡುತ್ತಿದ್ದಳು. ನಾನೂ ಅವಳ ಹಿಂದಿನಿಂದ ಇಣುಕುತ್ತಿದ್ದೆ. ಆದರೆ ಸುಳ್ಳೇಕೆ ಹೇಳಲಿ, ಆ ದಿನಗಳು ನನಗೆ ಕಷ್ಟದವು ಎನಿಸಲಿಲ್ಲ. ವಿಡಿಯೋ ಹಾಕಲು ಖಾತೆ ಇಲ್ಲ, ಎರಡೂ ಕೈ ಖಾಲಿ. ಕೂಸನ್ನು ಚಾಚಿದ ಕಾಲುಗಳ ಮೇಲೆ ಹಾಕಿಕೊಂಡು ನೀರೆರೆಯುವಾಗ ಬಾಯೊಳಗೆ ಬೆರಳಿಟ್ಟೆ, ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಂಥದ್ದು ಕಚಕ್ಕನೆ ತಗುಲಿತು. ಕೂಗಿಕೊಂಡೆ ನೋಡಿ, ಮಗಳು ಏನೋ ಆಯಿತೆಂದು ಒದ್ದೆ ಬಚ್ಚಲಿಗೆ ಓಡಿ ಬಂದು ಜಾರಿದಳು. ಅವಳ ಬೆರಳನ್ನೂ ಇಡಿಸಿದೆ. ಕೂಸು ಇಬ್ಬರನ್ನೂ ಕಚ್ಚಿತು. ಆ ಹಲ್ಲನ್ನು ಲೋಕದಲ್ಲಿ ಮೊದಲು ಕಂಡದ್ದು ನನ್ನ ಬೆರಳು. ಇದನ್ನು ನಾನು ತಾಂಡೂರಿನ ಬೀಗರ ಮನೆಗೂ ಹೇಳಿ ಕಳಿಸಿದ್ದೇನೆ.

ಉತ್ತರ ಬಂದ ದಿನ ಅಳಿಯಂದಿರೂ ಜಹೀರಾಬಾದಿಗೆ ಬಂದಿದ್ದರು. ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಮಗಳು ಎಡಗೈಯಲ್ಲಿ ಫೋನು ಎತ್ತಿ ನೋಡಿ, ತಟ್ಟೆಯ ಮೇಲಿನಿಂದಲೇ ಎದ್ದು ನಿಂತಳು. ಮತ್ತೆ ಪರಿಶೀಲಿಸಿದ್ದಾರಂತೆ. ಖಾತೆ ಮುಚ್ಚಿದ್ದು ತಪ್ಪಾಗಿತ್ತಂತೆ. ತೆರೆದಿದ್ದಾರೆ. ಮಾರಾಟದ ಆ ಒಂದು ವಿಡಿಯೋವನ್ನು ಮಾತ್ರ ತೆಗೆದಿದ್ದಾರೆ, ಅದು ಮತ್ತೆ ಬರುವುದಿಲ್ಲ.

"ಅದು ಹೋದ್ರ ಚೊಲೋನೇ ಆತು" ಎಂದೆ. "ಸೌದಾ ನಮ್ಮ ನಮ್ಮೊಳಗಿನದು."

ಅಳಿಯಂದಿರು, "ಇನ್ನ ಮ್ಯಾಲ ಅತ್ತಿಯವ್ರು ಬರೀ ಪುಂಡಿಪಲ್ಯ ಹಾಕಬೇಕು" ಎಂದರು. ಎದ್ದವರೇ ಕೈ ತೊಳೆದು ಬಂದು, ಪೆಟ್ಟಿಗೆಯ ವಿಡಿಯೋಗಳನ್ನೆಲ್ಲ ಮೊದಲು ತಮ್ಮ ಫೋನಿಗೆ ಇಳಿಸಿಕೊಂಡರು, ಆಮೇಲೆ ಮಗಳ ಹೊಸ ಫೋನಿಗೆ, ಆಮೇಲೆ ನಮ್ಮವರ ಫೋನಿಗೆ. ನಮ್ಮವರ ಫೋನಿನಲ್ಲಿ ಜಾಗ ಇಲ್ಲವೆಂದಾಗ ಅಂಗಡಿಯ ಸಾಮಾನಿನ ಫೋಟೋಗಳನ್ನೆಲ್ಲ ಅಳಿಸಿಸಿದೆ.

ಮಗಳು ಊಟ ಮುಗಿಸಲಿಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಡೆಗೆ ಒರಗಿ, ಮೊದಲನೆಯ ವಿಡಿಯೋ ಹಚ್ಚಿದಳು. ಮನೆಗೆ ಬಂದ ಮೇಲೆ ಅವಳು ಅದನ್ನು ನೋಡಿದ್ದು ಅದೇ ಮೊದಲು. ಗಾಜಿನ ಒಳಗೆ, ನಳಿಗೆಗಳ ನಡುವೆ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಜೀವ. ಎದೆ ಏರುತ್ತದೆ, ನಿಲ್ಲುತ್ತದೆ, ನಾವೆಲ್ಲರೂ ಉಸಿರು ಹಿಡಿಯುತ್ತೇವೆ, ಇಳಿಯುತ್ತದೆ. ಹಿಂದಿನಿಂದ ಮಗಳ ದನಿ ಸಣ್ಣಗೆ ಕೇಳುತ್ತದೆ, ಏರು, ಏರು ಎಂದು ಹೇಳಿಕೊಡುತ್ತಿದ್ದಾಳೆ. ಬೆಂಚಿನ ಮೇಲೆ ಕುಳಿತಾಗ ಆ ದನಿ ನನಗೆ ಕೇಳಿಸಿರಲಿಲ್ಲ. ಆಗ ನಾನು ಬರೀ ಎದೆಯನ್ನೇ ನೋಡುತ್ತಿದ್ದೆ.

ತೊಡೆಯ ಮೇಲಿದ್ದವಳಿಗೆ ಇದ್ಯಾವುದೂ ಬೇಡ. ಪರದೆಯಲ್ಲಿ ಏನೋ ಅಲುಗಾಡುವುದು ಕಂಡು ಎರಡೂ ಕೈಯಿಂದ ಪಟಪಟ ಬಡಿದಳು. ವಿಡಿಯೋ ನಿಂತಿತು, ಮತ್ತೆ ನಡೆಯಿತು. ಫೋನಿನ ಮೂಲೆಯನ್ನು ಬಾಯಿಗೆ ಎಳೆದುಕೊಂಡು ಹೊಸ ಹಲ್ಲಿನಿಂದ ಕಡಿಯಹತ್ತಿದಳು.

"ಬಿಡಸ್ರಿ, ಜೊಲ್ಲಿಗಿ ಫೋನ್ ಕೆಡ್ತದ" ಎಂದರು ಅಳಿಯಂದಿರು.

"ಕಡೀಲಿ ಬಿಡ್ರಿ" ಎಂದಳು ಮಗಳು, ಕೆನ್ನೆ ಒರೆಸಿಕೊಳ್ಳುತ್ತ. "ಈಗ ಮೂರ್ ಫೋನಿನ್ಯಾಗ ಅವ."